ಆರಿದ್ರಾ ಮಳೆಗೆ ಕಾದ ಮರಗಳು

ಬದರೀನಾಥ ಮೇಷ್ಟ್ರ ಪ್ರಾಮಾಣಿಕತೆಯ ಬಗ್ಗೆ ಕರಡಿದೊಡ್ಡಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ತಲೆ ಹೆಚ್ಚು ತೋರಿಸಿದವರಲ್ಲ, ಶಾಲೆಯ ಸೀಮೆಸುಣ್ಣದ ಒಂದು ತುಂಡನ್ನೂ ಮನೆಗೆ ಒಯ್ದವರಲ್ಲ. ಅಂಥ ಮನುಷ್ಯ ಹತ್ತು ವರ್ಷ ಒಂದು ಪುಸ್ತಕದ ತುಂಬ ಸುಳ್ಳು ಬರೆದರು. ಅದೂ ಯಾರ ಮೇಲೆ? ಬಾಯಿಲ್ಲದ ಮರಗಳ ಮೇಲೆ. ಮರದ ವಿಷಯದಲ್ಲಿ ತಾರೀಖು ನಾಲ್ಕು ದಿನ ಅತ್ತಿತ್ತ ಆದರೆ ಯಾರ ಗಂಟು ಹೋಗುತ್ತದೆ ಎಂದು ಅವರು ಅಂದುಕೊಂಡಿದ್ದರು. ಯಾರ ಗಂಟು ಹೋಯಿತು ಎಂದು ತಿಳಿಯುವ ಹೊತ್ತಿಗೆ ಗಂಟೂ ಇರಲಿಲ್ಲ, ಗುಡ್ಡವೂ ಇರಲಿಲ್ಲ.

ಕರಡಿದೊಡ್ಡಿ ರಾಯಕೋಟೆಯಿಂದ ಮೂರು ಮೈಲಿ. ಊರಿನ ಒಂದು ಮಗ್ಗುಲಿಗೆ ಗಿಡುಗನಬಂಡೆ, ಇನ್ನೊಂದು ಮಗ್ಗುಲಿಗೆ ಕೆರೆಗುಡ್ಡ. ಎರಡರ ಮೇಲೂ ಜಾಲಾರಿ ಮರಗಳು. ಬಂಡೆಯ ಮೇಲಿನವು ಗಿಡ್ಡ, ಸೊಟ್ಟ, ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡು ಹೇಗೋ ನಿಂತಂಥವು. ಕೆರೆಗುಡ್ಡದವು ಕೆರೆನೀರಿನ ಪಸೆಯ ಮಣ್ಣು ಉಂಡು ನೆಟ್ಟಗೆ ಬೆಳೆದು ನೋಡುವವರ ಕಣ್ಣು ತುಂಬುತ್ತಿದ್ದವು. ಗಡಿಸೀಮೆಯ ಊರಾದ್ದರಿಂದ ಶಾಲೆಗೆ ತಮಿಳು ವಿಭಾಗಕ್ಕೊಬ್ಬ, ಕನ್ನಡ ವಿಭಾಗಕ್ಕೊಬ್ಬ ಮೇಷ್ಟ್ರು. ಕನ್ನಡಕ್ಕೆ ಬದರೀನಾಥರು.

ಅವರು ಹೊಸೂರಿನ ಹಳೆಯ ಮನೆತನದವರು. ತಂದೆ ಸುಬ್ಬರಾಮಾಚಾರ್ ಯುಗಾದಿಯ ದಿನ ಪಂಚಾಂಗ ಓದಿದರೆಂದರೆ ಅರ್ಧ ಪೇಟೆ ಅವರ ಜಗಲಿಯಲ್ಲಿ ಇರುತ್ತಿತ್ತು. ಆ ಮನೆಯಲ್ಲಿ ಜೂನ್ ಎರಡನೆಯ ವಾರ ಎಂದು ಯಾರೂ ಅಂದವರಲ್ಲ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಹೀಗೆ ಮಳೆಗಳು ಮನೆಗೆ ಬಂದುಹೋಗುವ ನೆಂಟರಂತೆ ಹೆಸರಿಟ್ಟುಕೊಂಡೇ ಬರುತ್ತಿದ್ದವು. ಜಾಲಾರಿಯ ಅಂಟನ್ನು ದೇವರ ಮುಂದೆ ಧೂಪ ಹಾಕುತ್ತಿದ್ದುದರಿಂದ ಆ ಮರಕ್ಕೂ ಮನೆಯಲ್ಲಿ ಒಂದು ಮಾತಿತ್ತು: ಕೃತ್ತಿಕೆಗೆ ಕಾಯಿ, ರೋಹಿಣಿಗೆ ಬೀಜ.

ಸಾವಿರದ ಒಂಬೈನೂರ ಎಪ್ಪತ್ತಮೂರರ ಬೇಸಿಗೆಗೆ ಮೊದಲು ಒಂದು ಜೀಪು ಬಂದು ಶಾಲೆಯ ಮುಂದೆ ನಿಂತಿತು. ಇಳಿದವರು ಜಯರಾಮಯ್ಯ, ಮರಗಳ ಬಗ್ಗೆ ಸಂಶೋಧನೆ ಮಾಡುವ ಒಂದು ಸಂಸ್ಥೆಯ ವಿಜ್ಞಾನಿ. ಮೂಲ ಕೋಲಾರದ ಕಡೆಯವರಾದ್ದರಿಂದ ಕನ್ನಡದ ಮೇಷ್ಟ್ರೇ ಬೇಕೆಂದು ಹುಡುಕಿಕೊಂಡು ಬಂದಿದ್ದರು. ಕೆಂಪು ಬಟ್ಟೆಯ ರಟ್ಟಿನ ಒಂದು ದಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟರು.

“ಮೇಷ್ಟ್ರೇ, ಜಾಲಾರಿ ಬೀಜ ಬಹಳ ಅವಸರದ ಬೀಜ,” ಎಂದರು. “ಹುಣಸೆಬೀಜದ ಹಾಗೆ ಡಬ್ಬಿಯಲ್ಲಿ ಹಾಕಿ ಇಡೋಕಾಗಲ್ಲ. ಉದುರಿದ ಎಂಟು ಹತ್ತು ದಿನದಲ್ಲಿ ಒದ್ದೆ ನೆಲ ಸಿಕ್ಕರೆ ಮೊಳಕೆ, ಇಲ್ಲದಿದ್ದರೆ ಕಸ. ಹಾಗಾಗಿ ಮರ ಮಳೆಯ ಹೊತ್ತು ನೋಡಿಕೊಂಡೇ ಬೀಜ ಬಿಡಬೇಕು. ಈಗ ಮಳೆಯೇ ಹಿಂದುಮುಂದಾಗ್ತಾ ಇದೆ. ಮುಂದೆ ಇನ್ನೂ ಏನೇನಾಗುತ್ತೋ. ಆಗ ಮರ ಏನು ಮಾಡುತ್ತೆ? ಹಳೇ ಹೊತ್ತಿಗೇ ಬಿಟ್ಟು ಕೆಡುತ್ತಾ, ಇಲ್ಲಾ ತಾನೂ ಬದಲಾಗುತ್ತಾ? ಹತ್ತು ಹನ್ನೆರಡು ವರ್ಷ ಯಾರಾದರೂ ಪಟ್ಟುಹಿಡಿದು ನೋಡಿದರೆ ತಿಳಿಯುತ್ತೆ.”

ಬಂಡೆಯ ಮೇಲೆ ಐದು, ಕೆರೆಗುಡ್ಡದ ಮೇಲೆ ಐದು ಮರಗಳಿಗೆ ಟಾರಿನಲ್ಲಿ ನಂಬರು ಬರೆದರು. ಹದಿನೈದು ದಿನಕ್ಕೊಮ್ಮೆ ಹತ್ತಿ ನೋಡಬೇಕು. ಎಲೆ ಯಾವಾಗ ಉದುರಿತು, ಚಿಗುರು ಯಾವಾಗ, ಹೂವು ಯಾವಾಗ, ಬೀಜ ಯಾವಾಗ, ಬುಡದಲ್ಲಿ ಸಸಿ ಎಷ್ಟು, ಎಲ್ಲ ಬರೆಯಬೇಕು. ಹೊರಡುವಾಗ ಜಯರಾಮಯ್ಯ ಒಂದೇ ಒಂದು ನಿಯಮ ಹೇಳಿದರು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ, ಅವರಿವರು ಹೇಳಿದ್ದು ಬೇಡ.

ಮೊದಲೆರಡು ವರ್ಷ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಎರಡೂ ಗುಡ್ಡ ಹತ್ತಿದರು. ಎರಡು ವರ್ಷವೂ ಹತ್ತು ಮರಗಳೂ ರೋಹಿಣಿ ಮಳೆ ಹುಟ್ಟಿದ ನಾಲ್ಕೈದು ದಿನಕ್ಕೇ ರೆಕ್ಕೆಬೀಜ ಬಿಟ್ಟವು. ಗಾಳಿಯಲ್ಲಿ ಗಿರಗಿರನೆ ತಿರುಗುತ್ತ ಬೀಜ ಇಳಿಯುವುದನ್ನು ನೋಡಿ ಮೇಷ್ಟ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಪ್ಪನ ಮಾತು ಮರಕ್ಕೂ ಗೊತ್ತಿದೆ ಎಂದುಕೊಂಡು ಆ ಸಂಜೆಯೇ ತಂದೆಗೆ ಕಾಗದ ಬರೆದರು. ಕಾಗದ ಬರೆದದ್ದು ತಪ್ಪಲ್ಲ. ಮರ ಇನ್ನು ಮೇಲೆ ಯಾವತ್ತೂ ಹಾಗೆಯೇ ಮಾಡುತ್ತದೆ ಎಂದು ಮನಸ್ಸಿನಲ್ಲಿ ಬರೆದುಕೊಂಡರಲ್ಲ, ಅಲ್ಲಿ ಎಡವಿದರು.

ಎಪ್ಪತ್ತೈದರಲ್ಲಿ ಹೆಂಡತಿ ಶಾಂತಾಬಾಯಿಗೆ ಹೊಸೂರಿನ ಶಾಲೆಯೊಂದರಲ್ಲಿ ಕೆಲಸವಾಯಿತು. ಸಂಸಾರ ಹೊಸೂರಿನ ಪಕ್ಕದ ಮತ್ತಿಗಿರಿಗೆ ಹೋಯಿತು. ಮೇಷ್ಟ್ರು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಬಸ್ಸು ಹಿಡಿದು ಹೋಗುವವರಾದರು. ಆ ಸಂಜೆ ಬಸ್ಸು ಒಂದು ತಪ್ಪಿದರೆ ಮೂಕಂಡಪಲ್ಲಿಯ ಫ್ಯಾಕ್ಟರಿಗೆ ರಾತ್ರಿ ಪಾಳಿಗೆ ಹೋಗುವವರ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಬೇಕು. ಅದೇ ವರ್ಷ ಬಂಡೆಯಿಂದ ಇಳಿಯುವಾಗ ಜಾರಿ ಬಿದ್ದು ಮಂಡಿ ಉಬ್ಬಿತು. ಶಾಂತಾಬಾಯಿ ಎಣ್ಣೆ ನೀವುತ್ತ, “ಆ ಮರಗಳೇನು ಓಡಿಹೋಗ್ತಾವಾ? ಈ ಸಲ ಬಿಡಿ,” ಎಂದರು. ಈ ಸಲ ಬಿಟ್ಟರು.

ರೋಹಿಣಿ ಬಂತು. ಪುಸ್ತಕದಲ್ಲಿ ‘ಬೀಜ ಉದುರಿದ ದಿನ’ ಎಂಬ ಮನೆ ಖಾಲಿ ಕುಳಿತಿತ್ತು. ಖಾಲಿ ಮನೆ ಎಂದರೆ ಮೇಷ್ಟ್ರಿಗೆ ಯಾವತ್ತೂ ಆಗದು, ಹುಡುಗರ ಲೆಕ್ಕದ ಪುಸ್ತಕದಲ್ಲಿದ್ದರೆ ಬೆತ್ತ ತೆಗೆಯುತ್ತಿದ್ದರು. ನೋಡಬೇಕಾದ್ದೇನಿದೆ, ರೋಹಿಣಿಗೆ ಬೀಜ ತಾನೆ ಎಂದು ಮೇ ಇಪ್ಪತ್ತೊಂಬತ್ತು ಎಂದು ಬರೆದುಬಿಟ್ಟರು. ಹತ್ತು ಮರಗಳಿಗೂ ಬರೆದರು. ಕೈ ನಡುಗಲಿಲ್ಲ. ಮೊದಲ ಸುಳ್ಳಿಗೆ ಕೈ ನಡುಗುತ್ತದೆ ಅನ್ನುವುದು ಕಥೆಗಳಲ್ಲಿ; ಮೊದಲ ಸುಳ್ಳಿಗೆ ಯಾರ ಕೈಯೂ ನಡುಗುವುದಿಲ್ಲ, ಅದು ಸುಳ್ಳೆಂದೇ ಅನ್ನಿಸಿರುವುದಿಲ್ಲ.

ಮುಂದಿನ ವರ್ಷದಿಂದ ಸ್ವಲ್ಪ ಜಾಣತನವೂ ಸೇರಿತು. ಒಂದು ಮರಕ್ಕೆ ಇಪ್ಪತ್ತೇಳು, ಒಂದಕ್ಕೆ ಮೂವತ್ತೊಂದು. ಸಸಿಗಳ ಮನೆಯಲ್ಲಿ ‘ಅಲ್ಲಲ್ಲಿ’ ಎಂದು ಬರೆದರೆ ಮುಗಿಯಿತು. ಮಂಡಿಯ ಊತ ಇಳಿದು ಎಷ್ಟೋ ದಿನವಾಗಿತ್ತು, ಹತ್ತುವ ಅಭ್ಯಾಸ ಮಾತ್ರ ತಪ್ಪಿತ್ತು. ಪಾಠದಲ್ಲಿ ಹುಡುಗರಿಗೆ, ‘ಪ್ರಕೃತಿಯನ್ನು ಕಣ್ಣು ಬಿಟ್ಟು ನೋಡಿ ಕಲಿಯಬೇಕು’ ಎಂದು ಹೇಳುವುದನ್ನು ಅವರು ನಿಲ್ಲಿಸಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಕರಡಿದೊಡ್ಡಿಯಲ್ಲಿ ಆ ಮರಗಳನ್ನು ನಿಜವಾಗಿ ನೋಡುತ್ತಿದ್ದವಳು ಒಬ್ಬಳಿದ್ದಳು. ಮುನಿಗಂಗಮ್ಮ. ಒಣಸೌದೆ ಆರಿಸುವುದು, ಜಾಲಾರಿ ಅಂಟು ಕೆರೆದು ರಾಯಕೋಟೆ ಸಂತೆಯಲ್ಲಿ ಧೂಪಕ್ಕೆ ಮಾರುವುದು ಅವಳ ಬದುಕು. ದಿನ ಬಿಟ್ಟು ದಿನ ಬಂಡೆ ಹತ್ತುತ್ತಿದ್ದಳು. ಮಧ್ಯಾಹ್ನ ಇಳಿದು ಬರುವಾಗ ಶಾಲೆಯ ಪಕ್ಕದ ಕಲ್ಲಿನ ಮೇಲೆ ತಲೆಹೊರೆ ಇಳಿಸಿ, ಬಾಗಿಲ ಹತ್ತಿರ ಕೂತು ನೀರು ಕೇಳುವಳು. ಮೇಷ್ಟ್ರು ಮಡಕೆಯಿಂದ ಮೊಗೆದು ಕೊಡುವರು. ಸರ್ಕಾರದವರು ಮರಗಳ ಸುದ್ದಿ ಬರೆಯುವ ಪುಸ್ತಕ ಕೊಟ್ಟಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ನೀರಿಗೆ ಬದಲಾಗಿ ಎಂಬಂತೆ ಮರಗಳ ಸುದ್ದಿ ಹೇಳಿ ಹೋಗುವಳು.

ಎಪ್ಪತ್ತೇಳರ ಜೂನಿನಲ್ಲಿ ಒಂದು ದಿನ ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು, “ಸಾಮಿ, ಬಂಡೆ ಮ್ಯಾಗಳ ಜಾಲಾರಿ ಇನ್ನೂ ಬೀಜ ಇಡ್ಕಂಡು ಕುಂತವೆ,” ಎಂದಳು. “ಕೆರೆಗುಡ್ಡದವು ಆಗ್ಲೇ ಉದುರಿಸ್ಬುಟ್ವು.”

“ಬಂಡೆ ಮೇಲಿನವು ಎಲ್ಲಾವೂನಾ?”

“ಎಲ್ಲಾ ಎಲ್ಲಿ? ಕೆಲವು ಆತುರಗೆಟ್ಟವು ರೋಣಿಗೇ ಬಿಟ್ಬುಟ್ವು. ಮಳೆ ಎಲ್ಲೈತೆ? ಕಾದ ಬಂಡೆ ಮ್ಯಾಲೆ ಬಿದ್ದು ಬೀಜ ಹುರಿದೋಯ್ತು. ಇನ್ ಕೆಲವು ಬಿಟ್ಟಿಲ್ಲ. ಆ ನಾಕ್ನೇ ನಂಬ್ರು ಮರ ಐತಲ್ಲ, ಅದಂತೂ ಸೋಂಬೇರಿ. ಮೋಡ ನೋಡ್ಕಂಡು ಕುಂತೈತೆ. ಆರಿದ್ರಾ ಹುಟ್ಟಿದ್ ಮ್ಯಾಕೇ ಅದು ಬಿಡಾದು, ನೋಡ್ತಿರಿ. ಬರ್ಕಳಿ ಸಾಮಿ.”

ಮೇಷ್ಟ್ರ ಕೈಯಲ್ಲಿ ಕೆಂಪು ಶಾಯಿಯ ಪೆನ್ನಿತ್ತು, ಮುಂದೆ ಹುಡುಗರ ಗುಣಾಕಾರದ ಪುಸ್ತಕವಿತ್ತು. ನಾಲ್ಕನೆಯ ಮರಕ್ಕೆ ಮೇ ಇಪ್ಪತ್ತೆಂಟು ಎಂದು ಅವರು ಬರೆದು ಆಗಲೇ ಹದಿನೈದು ದಿನವಾಗಿತ್ತು. ಗುಣಾಕಾರದ ಮೇಲೆ ಒಂದು ಗೆರೆ ಎಳೆದು, “ಬರ್ಕೊಂಡೆ,” ಎಂದರು.

ಅವಳನ್ನು ಸಮಾಧಾನ ಮಾಡಲಿಕ್ಕೆ ಅಂದ ಮಾತು ಅದು. ಆದರೆ ಅವಳು ಹೊರೆ ಎತ್ತಿಕೊಳ್ಳುವಾಗ ಮುಖದಲ್ಲಿ ಒಂದು ಬಗೆಯ ಗತ್ತು ಕಂಡಿತು. ಅಂದಿನಿಂದ ಪ್ರತಿಸಲವೂ ಹೇಳುವಳು, ಪ್ರತಿಸಲವೂ “ಬರ್ಕೊಂಡ್ರಾ?” ಎಂದು ಕೇಳುವಳು, ಪ್ರತಿಸಲವೂ ಮೇಷ್ಟ್ರು “ಬರ್ಕೊಂಡೆ” ಎನ್ನುವರು. ಮನಸ್ಸಿನಲ್ಲಿ ಮಾತ್ರ, ಅವರಿವರು ಹೇಳಿದ್ದನ್ನು ಬರೆಯಬೇಡಿ ಎಂದಿದ್ದಾರಲ್ಲ ಎಂದು ನಿಯಮ ನೆನೆಯುವರು. ಕಣ್ಣಾರೆ ಕಾಣದ್ದನ್ನು ಬರೆಯಬಾರದೆಂದು ಅವಳ ಮಾತನ್ನು ಬಿಟ್ಟರು, ಕಣ್ಣಾರೆ ಕಾಣದ ತಾರೀಖನ್ನು ಬರೆದರು. ಓದಿದವರ ನ್ಯಾಯ ಹೀಗೇ ಇರುತ್ತದೆ.

ವರ್ಷಗಳು ಕಳೆದವು. ರೋಹಿಣಿ ಮಳೆಗೆ ಓಣಿಯೆಲ್ಲ ಕೆಸರು ಎಂಬ ಗಾದೆಯನ್ನು ಹೇಳುವವರು ಕಡಿಮೆಯಾದರು, ಏಕೆಂದರೆ ಓಣಿಯಲ್ಲಿ ಧೂಳೇ ಇರುತ್ತಿತ್ತು. ಮಳೆ ಮೃಗಶಿರವನ್ನೂ ದಾಟಿ ಆರಿದ್ರೆಗೆ ಹೋಯಿತು. ಎಂಬತ್ತೆರಡು, ಎಂಬತ್ತಮೂರರಲ್ಲಂತೂ ಕೆರೆಯ ನಡುವೆ ಹುಡುಗರು ಗೋಲಿ ಆಡಿದರು. ಮುನಿಗಂಗಮ್ಮನ ಸುದ್ದಿಗಳು ಮಾತ್ರ ನಿಲ್ಲಲಿಲ್ಲ. ಬಂಡೆಯ ಮರಗಳು ಈಗ ಸಂಕ್ರಾಂತಿಗೆ ಮೊದಲೇ ಎಲೆ ಕಳಚಿ ಬರಿಮೈಯಲ್ಲಿ ನಿಲ್ಲುತ್ತವೆ, ಬಾಯಾರಿಕೆ ತಡೆಯಲಿಕ್ಕೆ. ಚಿಗುರಿದ ಎಲೆ ಮೊದಲಿಗಿಂತ ಸಣ್ಣ, ದಪ್ಪ. ಮತ್ತೆ, ಬುಡದಲ್ಲಿ ಸಸಿಗಳಿವೆ.

“ಸಸಿ ಎಲ್ಲಾ ಮರದ ಬುಡದಾಗೂ ಇಲ್ಲ ಸಾಮಿ,” ಎಂದಳು ಎಂಬತ್ತನಾಲ್ಕರಲ್ಲಿ. “ರೋಣಿಗೆ ಬಿಟ್ಟ ಮರದ ಬುಡ ಬೋಳು. ಸೋಂಬೇರಿ ಬುಡದಾಗೆ, ಅಂಗೇ ತಡ ಮಾಡಾ ಮರಗಳ ಬುಡದಾಗೆ, ನನ್ ಸೊಂಟದ ಎತ್ರ ಬಂದವೆ. ಮರ ಬುದ್ಧಿ ಕಲ್ತ್ವು ಅಂತ ಮೊದ್ಲು ಅಂದ್ಕಂಡಿದ್ದೆ. ಬುದ್ಧಿ ಯಾವ ಮರಾನೂ ಕಲ್ತಿಲ್ಲ. ತಡ ಮಾಡಾ ಮರದ ಮಕ್ಳು ಉಳ್ಕಂಡ್ವು, ಆತುರದ ಮರದ ಮಕ್ಳು ಸತ್ವು, ಅಷ್ಟೇಯ. ಇನ್ನೊಂದು ತಲೆ ಹೋದ್ರೆ ಬಂಡೆ ತುಂಬ ಸೋಂಬೇರಿ ಮಕ್ಳೇ ಇರ್ತವೆ.”

ಜಯರಾಮಯ್ಯ ಹನ್ನೊಂದು ವರ್ಷದ ಹಿಂದೆ ಕೇಳಿದ ಪ್ರಶ್ನೆಗೆ ಉತ್ತರ ಅದು. ಅಂಟು ಕೆರೆಯುವ ಹೆಂಗಸೊಬ್ಬಳು ಶಾಲೆಯ ಬಾಗಿಲಲ್ಲಿ ಕೂತು ಅದನ್ನು ಹೇಳಿದಳು. ಮೇಷ್ಟ್ರಿಗೆ ಆ ದಿನ ಇನ್‌ಸ್ಪೆಕ್ಟರ್ ಬರುವ ಗಡಿಬಿಡಿ. “ಬರ್ಕೊಂಡೆ ಮುನಿಗಂಗಮ್ಮ,” ಎಂದರು.

ಎಂಬತ್ತೈದರ ಫೆಬ್ರುವರಿಯಲ್ಲಿ ಊರಿಗೆ ಕಲ್ಲುಕ್ವಾರಿಯ ಸುದ್ದಿ ಬಂತು. ಎರಡೂ ಗುಡ್ಡದ ಕಲ್ಲು ಒಳ್ಳೆಯ ಕಲ್ಲಂತೆ, ಹಡಗಿನಲ್ಲಿ ಹೊರದೇಶಕ್ಕೆ ಹೋಗುವಂಥದ್ದಂತೆ. ಒಂದು ಗುಡ್ಡ ಕ್ವಾರಿಗೆ, ಒಂದು ಗುಡ್ಡ ಬೀಜದ ಕಾಡಾಗಿ ಉಳಿಯಲಿ ಎಂದು ಮೇಲಿನವರು ತೀರ್ಮಾನಿಸಿದ್ದರು. ಯಾವುದು ಉಳಿಯಬೇಕೆಂದು ಹೇಳುವ ಹೊಣೆ ಜಯರಾಮಯ್ಯನವರ ಮೇಲೆ ಬಿದ್ದಿತ್ತು. ಉಳಿದ ಗುಡ್ಡದ ಬೀಜವೇ ಮುಂದೆ ಸುತ್ತಲಿನ ಬೋಳು ಗುಡ್ಡಗಳಿಗೆಲ್ಲ ಹೋಗುವುದು.

ಜೀಪು ಮತ್ತೆ ಶಾಲೆಯ ಮುಂದೆ ನಿಂತಿತು. ಜಯರಾಮಯ್ಯನವರ ತಲೆ ಪೂರ್ತಿ ನೆರೆತಿತ್ತು, ನಾಲ್ಕು ಮೆಟ್ಟಿಲಿಗೆ ಏದುಸಿರು. ಕೂರುವ ಮೊದಲೇ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

“ನಾನು ನಲವತ್ತು ಕಡೆ ಇಂಥ ಪುಸ್ತಕ ಕೊಟ್ಟಿದ್ದೆ, ಬದರೀನಾಥರೇ. ಒಂದು ತಿಂಗಳೂ ತಪ್ಪದೆ ಬರೆದವರು ನೀವೊಬ್ಬರೇ. ನೀವು ಕಳಿಸಿದ ಪ್ರತಿ ನೋಡಿಯೇ ನಾನು ಒಂದು ಲೇಖನ ಬರೆದೆ. ಅದರಲ್ಲಿ ನಿಮ್ಮ ಹೆಸರು ಅಚ್ಚಾಗಿದೆ, ನೋಡಿ.”

ಮೇಷ್ಟ್ರು ನೋಡಿದರು. ಇಂಗ್ಲಿಷಿನಲ್ಲಿ ತಮ್ಮ ಹೆಸರು, ಕೆಳಗೆ ಕರಡಿದೊಡ್ಡಿಯ ಹೆಸರು. ಶಾಂತಾಬಾಯಿಗೆ ತೋರಿಸಬೇಕು ಎಂಬ ಯೋಚನೆಯೇ ಮೊದಲು ಬಂದದ್ದು.

ಜಯರಾಮಯ್ಯ ಕೆಂಪು ಪುಸ್ತಕವನ್ನು ತೆರೆದು ಕೊನೆಯ ವರ್ಷದವರೆಗೂ ಬೆರಳಾಡಿಸಿದರು. ಆಮೇಲೆ ಕನ್ನಡಕ ತೆಗೆದಿಟ್ಟರು. “ಒಳಗೊಳಗೆ ನನಗೊಂದು ಆಸೆ ಇತ್ತು. ಬಂಡೆಯ ಮರಗಳು ಕಷ್ಟದಲ್ಲಿ ಬೆಳೆದವು, ಮಳೆ ತಡವಾದ ಹಾಗೆ ಅವೂ ತಡಮಾಡುತ್ತಾ ಬಂದಿರಬಹುದು ಅಂತ. ಹಾಗಿದ್ದರೆ ಕಣ್ಣು ಮುಚ್ಚಿ ಬಂಡೆ ಉಳಿಸಿ ಅಂತ ಬರೀತಿದ್ದೆ. ನಿಮ್ಮ ಪುಸ್ತಕ ಇಲ್ಲ ಅನ್ನುತ್ತೆ. ಎರಡೂ ಕಡೆ ಒಂದೇ ಹೊತ್ತು, ಹನ್ನೆರಡು ವರ್ಷದಿಂದ. ಅಂದಮೇಲೆ ನೆಟ್ಟಗಿರುವ ಮರದ ಬೀಜವೇ ವಾಸಿ, ಅಲ್ಲವೇ?”

ಮೇಷ್ಟ್ರು ಲೇಖನವನ್ನು ತೊಡೆಯ ಮೇಲಿಟ್ಟುಕೊಂಡರು. ಆ ಗಳಿಗೆಯಲ್ಲಿ ಅವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ನಾನು ಅವರನ್ನು ಉಳಿಸಲಾರೆ. ಮುನಿಗಂಗಮ್ಮ ಹೇಳಿದ ಒಂದೊಂದು ಮಾತೂ ನೆನಪಿತ್ತು. ಪುಸ್ತಕದಲ್ಲಿರುವುದು ನಿಜವಲ್ಲ ಎಂಬ ಎರಡು ಪದ ಸಾಕಿತ್ತು. ಅವರು ಆಡಿದ್ದು ಇಷ್ಟು: “ಈ ಊರಲ್ಲಿ ಮುನಿಗಂಗಮ್ಮ ಅಂತ ಒಬ್ಬಳಿದ್ದಾಳೆ ಸಾರ್. ಬಂಡೆ ಮೇಲಿನವು ತಡ ಅಂತ ಅವಳು ಹೇಳ್ತಿರ್ತಾಳೆ.”

“ಹೇಳಲಿ. ನೀವು ನೋಡಿದ್ದೀರಲ್ಲ.” ಜಯರಾಮಯ್ಯ ಕಿಟಕಿಯಿಂದ ಗುಡ್ಡದ ಕಡೆ ನೋಡಿದರು. “ಮೂರು ಗಂಟೆಗೆ ಕೃಷ್ಣಗಿರಿಯಲ್ಲಿ ಮೀಟಿಂಗ್ ಇದೆ. ಆದರೂ ನಿಮಗೆ ಅನುಮಾನವಿದ್ದರೆ ಹೇಳಿ, ಕಷ್ಟಪಟ್ಟು ಹತ್ತುತ್ತೇನೆ. ಸಸಿಗಳನ್ನಾದರೂ ನೋಡಿದ ಹಾಗಾಗುತ್ತೆ.”

ಹತ್ತಿದ್ದರೆ ಸೊಂಟದೆತ್ತರದ ಸಸಿಗಳು ಕಾಣುತ್ತಿದ್ದವು. ಹತ್ತಿದ್ದರೆ ಪುಸ್ತಕದ ಬಣ್ಣವೂ ಬಯಲಾಗುತ್ತಿತ್ತು. ಅಚ್ಚಾದ ಹೆಸರು ಮೇಷ್ಟ್ರ ತೊಡೆಯ ಮೇಲೆ ತೆರೆದು ಕುಳಿತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮೇಷ್ಟ್ರು ಆ ಮಾನವನ್ನು ಉಳಿಸಿಕೊಳ್ಳಲು ಹೊರಟರು.

“ಬಿಸಿಲು ಬಹಳ ಸಾರ್,” ಎಂದರು. “ನೋಡೋದೇನಿಲ್ಲ. ಎಲ್ಲಾ ಪುಸ್ತಕದಲ್ಲಿದೆ.”

ಜಯರಾಮಯ್ಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಜೀಪು ಹತ್ತಿದರು. ಮರುದಿನ ಭಾನುವಾರ. ಮೇಷ್ಟ್ರು ಮತ್ತಿಗಿರಿಯಿಂದ ಬಂದು, ಹತ್ತು ವರ್ಷದ ಮೇಲೆ ಮೊದಲ ಸಲ, ಗಿಡುಗನಬಂಡೆ ಹತ್ತಿದರು. ಮಂಡಿ ಕೀಲು ಕೀಲಾಗಿ ನೋಯಿತು. ನಾಲ್ಕನೆಯ ನಂಬರಿನ ಮರ ಒಂದು ಎಲೆಯೂ ಇಲ್ಲದೆ ನಿಂತಿತ್ತು, ಕೊಂಬೆಯ ತುದಿಗಳಲ್ಲಿ ಮೊಗ್ಗು. ಬುಡದ ಸುತ್ತ ಸಸಿಗಳು. ಮೇಷ್ಟ್ರು ಎಣಿಸಿದರು, ನಲವತ್ತಾರರ ತನಕ ಎಣಿಸಿ ಬಿಟ್ಟರು. ಬಿರುಕಿನಲ್ಲಿ ಒಂದು, ಕಲ್ಲಿನ ಮರೆಯಲ್ಲಿ ಮೂರು, ಹಳೆಯ ಎಲೆಯ ರಾಶಿಯಲ್ಲಿ ಇನ್ನೂ ನಾಲ್ಕು. ಅಲ್ಲಿಂದ ಕೆರೆಗುಡ್ಡಕ್ಕೆ ಹೋದರು. ಎತ್ತರದ ಚೆಂದದ ಮರಗಳು. ಕೆಳಗೆ ಕೋಲು ಹಾಕಿ ಕೆದಕಿದರೂ ಒಂದು ಸಸಿ ಇಲ್ಲ. ಅವು ಮಕ್ಕಳಿಲ್ಲದ ಮುದುಕರು ಎಂದು ಅವರಿಗೆ ಆಗ ತಿಳಿಯಿತು. ಅಲ್ಲೇ ಕೂತು ಅತ್ತರು. ಐವತ್ತೇಳು ವರ್ಷದ ಗಂಡಸು ಮರದ ಬುಡದಲ್ಲಿ ಕೂತು ಅಳುವುದನ್ನು ನೋಡಿದವರು ಯಾರೂ ಇಲ್ಲದ್ದು ಒಳ್ಳೆಯದಾಯಿತು.

ಜಯರಾಮಯ್ಯನವರಿಗೆ ಕಾಗದ ಬರೆದರು. ಬರೆದು ಹರಿದರು, ಬರೆದು ಹರಿದರು. ನಿಜ ಹೇಳುವ ಕಾಗದ ಅಂಚೆಪೆಟ್ಟಿಗೆಗೆ ಬೀಳುವಾಗ ಮಾರ್ಚಿ ಅರ್ಧ ಕಳೆದಿತ್ತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಏಪ್ರಿಲಿನಲ್ಲಿ ಉತ್ತರದ ಜೊತೆಗೆ ಕೆಂಪು ಪುಸ್ತಕವೂ ಪಾರ್ಸೆಲಿನಲ್ಲಿ ಬಂತು. ಕಾಗದದಲ್ಲಿ ಮೂರೇ ಸಾಲು: ನಿಮ್ಮ ಪತ್ರ ತಲುಪಿತು. ಆದೇಶ ಹೊರಟಾಗಿದೆ. ಪುಸ್ತಕವನ್ನು ಇಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲವೆಂದು ವಾಪಸು ಮಾಡಿದ್ದೇನೆ.

ಬೈಗುಳವಿದ್ದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು.

ಮೇ ತಿಂಗಳ ಮೊದಲ ವಾರ ಬಂಡೆಯ ಮರಗಳಿಗೆ ಕೊಡಲಿ ಬಿತ್ತು. ಕಾಯಿ ಇನ್ನೂ ಎಳೆಯದು, ಒಳಗೆ ಹಾಲು. ಮುನಿಗಂಗಮ್ಮ ಸಸಿಗಳನ್ನಾದರೂ ಉಳಿಸುತ್ತೇನೆಂದು ಗಡಾರಿ ಹಿಡಿದು ಹೋದಳು. ಕಲ್ಲಿನ ಸಂದಿಗೆ ಬೇರು ಇಳಿಸಿದ ಸಸಿ ಕಿತ್ತರೆ ಬರುವುದಿಲ್ಲ, ಬಂದರೂ ಬದುಕುವುದಿಲ್ಲ. ಹಿತ್ತಲಲ್ಲಿ ನೆಟ್ಟ ಹನ್ನೊಂದೂ ಎಂಟು ದಿನಕ್ಕೆ ಬಾಡಿದವು. ಆಮೇಲೆ ಕಲ್ಲಿಗೆ ಕುಳಿ ಕೊರೆಯುವ ಯಂತ್ರ ಬಂತು. ಮಧ್ಯಾಹ್ನ ಸಿಡಿಸುವ ಮೊದಲು ಕೆಂಪು ಬಾವುಟ ಬೀಸುವರು, ಹುಡುಗರು ಕಿವಿ ಮುಚ್ಚಿಕೊಳ್ಳುವರು, ಮೇಷ್ಟ್ರು ಪಾಠ ನಿಲ್ಲಿಸುವರು.

ಆ ದಿನಗಳಲ್ಲಿ ಊರಿನಲ್ಲಿ ಒಂದು ಮಾತು ಹಬ್ಬಿತು. ನಮ್ಮ ಮೇಷ್ಟ್ರು ಬಂಡೆ ಉಳಿಸಿ ಅಂತ ಬರೆದುಕೊಟ್ಟರಂತೆ, ದೊಡ್ಡವರು ಕೇಳಲಿಲ್ಲವಂತೆ. ಹಬ್ಬಿಸಿದವಳು ಮುನಿಗಂಗಮ್ಮ. ತಾನು ಹೇಳಿದ್ದೆಲ್ಲ ಪುಸ್ತಕದಲ್ಲಿತ್ತಲ್ಲ, ಅದನ್ನು ಓದಿಯೂ ಗುಡ್ಡ ಒಡೆದರೆಂದರೆ ಅದು ದೊಡ್ಡವರ ತಪ್ಪು ಎಂಬುದು ಅವಳ ತರ್ಕ. ಟೀ ಅಂಗಡಿಯಲ್ಲಿ ಊರಿನ ಕೊಂಡಪ್ಪ ಮೇಷ್ಟ್ರಿಗೆ ಎದ್ದು ಬೆಂಚು ಬಿಟ್ಟುಕೊಟ್ಟ. “ನೀವಾದ್ರೂ ಒಂದ್ ಮಾತಾಡಿದ್ರಲ್ಲ, ಅದೇ ದೊಡ್ಡದು ಬಿಡಿ,” ಎಂದ. ಮೇಷ್ಟ್ರಿಗೆ ಆ ಟೀ ಗಂಟಲಲ್ಲಿ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಆರಿದ್ರಾ ಮಳೆ ಹುಟ್ಟಿದ ದಿನ ಅವರು ಕೆಂಪು ಪುಸ್ತಕವನ್ನು ಹಿಡಿದು ಮುನಿಗಂಗಮ್ಮನ ಮನೆಗೆ ಹೋದರು. ಹನಿ ಬೀಳುತ್ತಿತ್ತು. ಅವಳು ಜಗಲಿಯಲ್ಲಿ ಕೂತು ಕೊನೆಯ ಜಾಲಾರಿ ಅಂಟನ್ನು ಮರದ ಸಿಬಿರಿನಿಂದ ಬಿಡಿಸುತ್ತಿದ್ದಳು. ಕಡಿದು ಬಿದ್ದ ಮರಗಳಿಂದ ಕೆರೆದು ತಂದದ್ದು.

“ಬನ್ನಿ ಸಾಮಿ, ಕುಂತ್ಕಳಿ.” ಸೆರಗಿನಿಂದ ಜಗಲಿ ಒರೆಸಿದಳು. ಪುಸ್ತಕ ನೋಡಿ, “ಇದೇ ಅಲ್ವಾ?” ಎಂದು ಕೈ ಒರೆಸಿಕೊಂಡು ರಟ್ಟನ್ನು ಮುಟ್ಟಿದಳು. “ಎಷ್ಟು ದಪ್ಪ ಐತೆ. ಎಲ್ಲಾ ಬರ್ದವ್ರೆ ನೋಡಿ. ಸೋಂಬೇರಿ ಸುದ್ದಿ ಎಲ್ಲೈತೆ ಸಾಮಿ? ಒಂದೀಟು ಓದಿ ಹೇಳಿ. ಮರ ಹೋದ್ರೂ ಅದಾದ್ರೂ ಇರ್ಲಿ.”

ಮೇಷ್ಟ್ರು ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಉದುರಿಹೋದವು. “ಇದರಲ್ಲಿ ಇಲ್ಲ ಮುನಿಗಂಗಮ್ಮ,” ಎಂದರು.

“ಬೇರೆ ಪುಸ್ತಕದಾಗೈತಾ?”

“ಬೇರೆ ಪುಸ್ತಕ ಇಲ್ಲ. ನಾನು ಬರೀಲಿಲ್ಲ. ನಾನು ಮೇಲಕ್ಕೇ ಹೋಗ್ಲಿಲ್ಲ. ಪಂಚಾಂಗ ನೋಡ್ಕೊಂಡು ರೋಹಿಣಿಗೆ ಬೀಜ, ರೋಹಿಣಿಗೆ ಬೀಜ ಅಂತ ಬರೆದೆ. ಅದನ್ನ ನೋಡೇ ಅವರು ಬಂಡೆ ಬಿಟ್ಟುಕೊಟ್ಟದ್ದು. ಹತ್ತಿ ನೋಡ್ತೀನಿ ಅಂದರು, ನಾನೇ ಬೇಡ ಅಂದೆ.”

ಅವಳು ರಟ್ಟಿನ ಮೇಲಿಂದ ಕೈ ತೆಗೆದಳು. ಅಂಟಿನ ಚೂರನ್ನು ಬೆರಳಲ್ಲಿ ಹಿಡಿದೇ ಇದ್ದಳು. ಮೇಷ್ಟ್ರು ಬೈಗುಳಕ್ಕೆ ಕಾದರು. ಆ ಊರಿನ ಹೆಂಗಸರ ಬಾಯಿ ಅವರಿಗೆ ಗೊತ್ತಿತ್ತು, ಇಡೀ ಓಣಿ ಕೇಳುವಂತೆ ಬೈಯಲಿ ಎಂದೇ ಬಯಸಿದರು.

“ನಾನು ಹೇಳಿದ್ದು ಒಂದೂ ಬರೀಲಿಲ್ವಾ?” ಎಂದು ಕೊನೆಗೆ ಕೇಳಿದಳು, ಮೆಲ್ಲಗೆ.

“ಒಂದೂ ಇಲ್ಲ.”

“ಬರ್ಕೊಂಡೆ ಅಂತಿದ್ರಿ.”

“ಅಂತಿದ್ದೆ.”

“ನಂಗೆ ಓದಾಕೆ ಬರಾಕಿಲ್ಲ,” ಎಂದಳು ಮುನಿಗಂಗಮ್ಮ. “ಹೊರೆ ಹೊತ್ಕಂಡು ಬರಾವಾಗ ಅಂದ್ಕಳ್ತಿದ್ದೆ, ನಾನು ಸತ್ರೂ ಆ ಪುಸ್ತಕದಾಗೆ ಇರ್ತೀನಿ ಅಂತ.”

ಅಷ್ಟೇ ಅಂದು, ಅಂಟು ಬಿಡಿಸುವ ಕೆಲಸಕ್ಕೆ ತಿರುಗಿದಳು. ಮಳೆ ಜೋರಾಯಿತು. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎನ್ನುತ್ತಾರೆ, ಆ ವರ್ಷ ಹಾಗೆಯೇ ಹುಯ್ದಿತು. ಬಂಡೆಯ ಮೇಲೆ ಬೀಜ ಬಿಡಲು ಒಂದು ಮರವೂ ಇರಲಿಲ್ಲ. ಮೇಷ್ಟ್ರು ನೆನೆಯುತ್ತಲೇ ಬಸ್ಸಿಗೆ ನಡೆದರು.

ಮರುವರ್ಷ ಅವರಿಗೆ ನಿವೃತ್ತಿಯಾಯಿತು. ಆದರೂ ರೋಹಿಣಿಯಲ್ಲಿ ಮನೆಯಲ್ಲಿ ಕೂರಲಾಗಲಿಲ್ಲ. ಮತ್ತಿಗಿರಿಯಿಂದ ಬಸ್ಸು ಹಿಡಿದು ಕರಡಿದೊಡ್ಡಿಗೆ ಬಂದರು. ಶಾಲೆಗೆ ರಜೆ. ಮುನಿಗಂಗಮ್ಮ ಕೆರೆಯ ಕಡೆಯಿಂದ ಸೌದೆ ಹೊತ್ತು ಬಂದು ಅದೇ ತಾನೆ ಹೊರೆಯನ್ನು ಕಲ್ಲಿನ ಮೇಲೆ ಇಳಿಸಿದ್ದಳು. ಒಂದು ವರ್ಷದಲ್ಲಿ ಬಹಳ ಇಳಿದುಹೋಗಿದ್ದಳು. ಮೇಷ್ಟ್ರು ಹತ್ತಿರ ಹೋಗಿ ನಿಂತರು. ಜೇಬಿನಲ್ಲಿ ಹೊಸದೊಂದು ನೋಟ್‌ಬುಕ್ಕಿತ್ತು, ಅವಳು ಹೇಳಿದ್ದನ್ನೆಲ್ಲ ಅವಳ ಹೆಸರು ಹಾಕಿಯೇ ಬರೆಯಬೇಕೆಂದು ತಂದದ್ದು.

“ಕೆರೆಗುಡ್ಡದ ಜಾಲಾರಿ ಈ ಸಲ ಹೇಗಿದೆ ಮುನಿಗಂಗಮ್ಮ? ಬೀಜ ಬಿಟ್ಟವಾ?”

ಅವಳು ಅವರ ಮುಖ ನೋಡಿದಳು. ಕೋಪವಿರಲಿಲ್ಲ. ಬಗ್ಗಿ ಸಿಂಬಿಯನ್ನು ತಲೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, ಅದರ ಮೇಲೆ ಹೊರೆ ಎತ್ತಿಟ್ಟುಕೊಂಡಳು.

“ಓಗಿ ನೋಡ್ಕಳಿ ಸಾಮಿ,” ಎಂದು ಹೇಳಿ ಊರ ಕಡೆ ನಡೆದಳು.